ಪಾಠ ಯೋಜನೆಯನ್ನು ಕೆಳಗಿನಿಂದ ಮೇಲಕ್ಕೆ ಬರೆಯುವುದು: ಕಲಿಕಾ ಫಲ ಮೊದಲು, ಚಟುವಟಿಕೆ ಆಮೇಲೆ

ತೊಗರಿನಾಡು (ಕಲಬುರಗಿ)

ಎಲ್ಲಾರಿಗೂ ಶರಣ್ರಿ. ಐದನೇ ತರಗತಿ ಗಣಿತದಾಗ ಭಿನ್ನರಾಶಿ ಘಟಕಕ್ಕ ಯೋಜನೆ ಬರೀಬೇಕಾಗ್ಯದ. 34 ಮಕ್ಕಳು, 40 ನಿಮಿಷದ 9 ಅವಧಿ. ಕ್ಲಸ್ಟರ್ (ಸುತ್ತಲಿನ ಶಾಲೆಗಳ ಶಿಕ್ಷಕರ) ಸಭೆದಾಗ ಎಲ್ಲಾರೂ ಹೇಳೂದು ಒಂದೇ, 'ಕಲಿಕಾ ಫಲದಿಂದ ಶುರು ಮಾಡ್ರಿ' ಅಂತ. ಫಲ ಮ್ಯಾಲಿನ ಕಾಲಂದಾಗ ಬರದು, ಕೆಳಗ ಎಂದಿನಂಗ ಪುಸ್ತಕದ ಪುಟದ ಪ್ರಕಾರ ಚಟುವಟಿಕೆ ಹಚ್ಚಿದ್ರ ಅದು ಫಲದಿಂದ ಶುರು ಮಾಡಿದಂಗ ಆಗ್ತದೇನ್ರಿ? ಇಲ್ಲಂದ್ರ ಖರೇನೇ ಏನು ಬದಲಾಗಬೇಕು? ಭಿನ್ನರಾಶಿಗಳ ಹೋಲಿಕೆಯನ್ನೇ ಉದಾಹರಣೆ ಇಟ್ಕೊಂಡು ಹೇಳಿದ್ರ ಉಪಕಾರ ಆಗ್ತದ.

ಮಾಂಜ್ರಾ ದಂಡೆ (ಭಾಲ್ಕಿ, ಬೀದರ್)

ಸರ್, ಫಲವನ್ನು ಮೇಲಿನ ಕಾಲಂಗೆ ಇಳಿಸಿದ ಮಾತ್ರಕ್ಕೆ ಏನೂ ಬದಲಾಗುವುದಿಲ್ಲ. ಬದಲಾಗಬೇಕಾದದ್ದು ಬರೆಯುವ ಕ್ರಮ.

ನಾವು ಬಳಸುವ ನಮೂನೆಯಲ್ಲಿ ತೊಡಗಿಸುವುದು, ಅನ್ವೇಷಣೆ, ವಿವರಣೆ, ವಿಸ್ತರಣೆ, ಮೌಲ್ಯಮಾಪನ ಎಂದು ಐದು ಖಾನೆ ಇರುತ್ತವೆ. ಸಾಮಾನ್ಯವಾಗಿ ಮೇಲಿನಿಂದ ತುಂಬುತ್ತ ಬರುತ್ತೇವೆ. ಮೊದಲ ಖಾನೆಗೆ ಹಾಡು, ಎರಡನೆಯದಕ್ಕೆ ಚಟುವಟಿಕೆ, ಕೊನೆಯದಕ್ಕೆ 'ಅಭ್ಯಾಸದ ಪ್ರಶ್ನೆ 1ರಿಂದ 5'. ಇದನ್ನು ತಿರುವಿಹಾಕಿ. ಐದನೇ ಖಾನೆ ತುಂಬುವವರೆಗೆ ಉಳಿದ ನಾಲ್ಕನ್ನು ಮುಟ್ಟಬೇಡಿ.

ಕೆಲಸ ಮೂರು ಹಂತದ್ದು: ಘಟಕ ಮುಗಿದಾಗ ಮಗುವಿಗೆ ಏನು ಬರಬೇಕು, ಬಂತು ಎಂಬುದಕ್ಕೆ ಯಾವ ಪುರಾವೆ ಒಪ್ಪುತ್ತೇವೆ, ಆ ಪುರಾವೆ ಸಿಗುವಂತೆ ಮಾಡಲು ಏನು ಕಲಿಸಬೇಕು. ಅಮೆರಿಕದ ಶಿಕ್ಷಣ ತಜ್ಞರಾದ ಗ್ರಾಂಟ್ ವಿಗ್ಗಿನ್ಸ್ ಮತ್ತು ಜೇ ಮೆಕ್‌ಟೈ 1998ರಲ್ಲಿ ಈ ಕ್ರಮವನ್ನು ಹೀಗೆ ಜೋಡಿಸಿದರು. ಗುರಿಯಿಂದ ಹೊರಡಬೇಕು ಎಂಬ ಮಾತನ್ನು ಅಲ್ಲಿನವರೇ ಆದ ರಾಲ್ಫ್ ಟೈಲರ್ 1949ರಲ್ಲೇ ಹೇಳಿದ್ದರು. ನಮಗೆ ಮೊದಲ ಹಂತದ ಕೆಲಸ ಅರ್ಧ ಸಿದ್ಧವಾಗಿಯೇ ಇದೆ: 2017ರಿಂದ ತರಗತಿವಾರು ಕಲಿಕಾ ಫಲಗಳ ಪಟ್ಟಿ ಇದೆ. ತಪ್ಪುತ್ತಿರುವುದು ಎರಡನೇ ಹಂತ. ಫಲದಿಂದ ನೇರ ಚಟುವಟಿಕೆಗೆ ಜಿಗಿಯುತ್ತೇವೆ, ಪುರಾವೆ ಯಾವುದು ಎಂದು ಕೇಳುವುದೇ ಇಲ್ಲ.

ಪಟ್ಟಿಯ ಫಲವನ್ನೂ ಹಾಗೇ ಎತ್ತಿಕೊಳ್ಳಬೇಡಿ. 'ಅರ್ಥಮಾಡಿಕೊಳ್ಳುತ್ತಾರೆ', 'ತಿಳಿಯುತ್ತಾರೆ' ಎಂದಿದ್ದರೆ ಅದು ಕಣ್ಣಿಗೆ ಕಾಣುವ ಕೆಲಸವಲ್ಲ. ನಿಮ್ಮ ಘಟಕಕ್ಕೆ ನಾನಾದರೆ ಹೀಗೆ ಬರೆಯುತ್ತೇನೆ: 'ಛೇದಗಳು ಬೇರೆ ಇರುವ ಎರಡು ಭಿನ್ನರಾಶಿಗಳಲ್ಲಿ ದೊಡ್ಡದನ್ನು ಗುರುತಿಸಿ, ಚಿತ್ರದಿಂದಲೋ ಮಾತಿನಿಂದಲೋ ಕಾರಣ ಕೊಡುತ್ತಾರೆ.' ಇದರಲ್ಲಿ ಗುರುತಿಸುವುದು, ಕಾರಣ ಕೊಡುವುದು ಎಂದು ಎರಡು ಕೆಲಸಗಳಿವೆ. ಹಾಗಾಗಿ ಪ್ರಶ್ನೆಯಲ್ಲೂ ಎರಡೂ ಇರಲೇಬೇಕು. ಬರೀ 'ದೊಡ್ಡದಕ್ಕೆ ವೃತ್ತ ಹಾಕಿ' ಎಂದು ಕೇಳಿದರೆ ಫಲದ ಅರ್ಧವನ್ನು ನೀವು ಅಳೆಯಲೇ ಇಲ್ಲ.

ಪ್ರಶ್ನೆ ಬರೆದ ಮೇಲೆ ಎರಡು ಸಲ ಜಾಲಿಸಿ. ಈ ಫಲ ಬಾರದ ಮಗುವೂ ಇದಕ್ಕೆ ಸರಿ ಉತ್ತರ ಕೊಡಬಹುದೇ? ಫಲ ಬಂದ ಮಗುವೂ ಬೇರೆ ಯಾವುದೋ ಕಾರಣಕ್ಕೆ ತಪ್ಪಬಹುದೇ? ಯಾವುದಕ್ಕಾದರೂ 'ಹೌದು' ಎಂದಾದರೆ ಪ್ರಶ್ನೆ ಬದಲಿಸಿ.

ಕರಿಹಲಗೆ (ಶಹಾಪುರ, ಯಾದಗಿರಿ)

ಮೇಡಂ, ಇದು ಪರೀಕ್ಷೆಗೋಸ್ಕರ ಪಾಠ ಮಾಡೋದಕ್ಕೆ ದಾರಿಯಾಗುವುದಿಲ್ಲವೇ? ಕೊನೆಯ ಪ್ರಶ್ನೆ ಮೊದಲೇ ಗೊತ್ತಿದ್ದರೆ ಶಿಕ್ಷಕರು ಅದನ್ನೇ ಹತ್ತು ಸಲ ಹಲಗೆಯ ಮೇಲೆ ಬಿಡಿಸುತ್ತಾರೆ, ಮಕ್ಕಳು ಬಾಯಿಪಾಠ ಮಾಡುತ್ತಾರೆ. ಇನ್ನೊಂದು, ಪಠ್ಯ ಮುಗಿಸುವ ಒತ್ತಡ ನಮ್ಮ ಮೇಲಿದೆ. ಪುರಾವೆ ನೋಡಿ ನಿಂತರೆ ಪಾಠಗಳು ಉಳಿಯುತ್ತವೆ.

ಮಾಂಜ್ರಾ ದಂಡೆ (ಭಾಲ್ಕಿ, ಬೀದರ್)

ಸರ್, ಆ ಅಪಾಯ ಇದೆ. ಆದರೆ ಅದು ಪ್ರಶ್ನೆಯನ್ನು ಮೊದಲು ಬರೆದದ್ದರಿಂದ ಬರುವುದಲ್ಲ, ಪಾಠದಲ್ಲಿ ಬಳಸಿದ ಸಂಖ್ಯೆಗಳನ್ನೇ ಪ್ರಶ್ನೆಗೂ ಇಡುವುದರಿಂದ ಬರುವುದು. ಪುರಾವೆಗೆ ಇಟ್ಟ ಜೋಡಿಯನ್ನು ಪಾಠದಲ್ಲಿ ಒಂದು ಸಲವೂ ತರಬಾರದು. ಯೋಜನೆಯ ಹಾಳೆಯಲ್ಲೇ 'ಪಾಠಕ್ಕೆ' ಮತ್ತು 'ಪುರಾವೆಗೆ' ಎಂದು ಎರಡು ಪಟ್ಟಿ ಬೇರೆ ಬೇರೆ ಮಾಡಿ ಇಟ್ಟುಕೊಳ್ಳಿ.

ಪಠ್ಯ ಮುಗಿಸುವ ವಿಷಯದಲ್ಲಿ ನನ್ನ ನಿಲುವು ಗಟ್ಟಿಯಾಗಿದೆ. ಪುಸ್ತಕದ ಪ್ರತಿ ಪುಟಕ್ಕೂ ಸಮನಾದ ಸಮಯ ಕೊಡಬೇಕಿಲ್ಲ. ಫಲಕ್ಕೆ ನೆರವಾಗದ ಲೆಕ್ಕಗಳನ್ನು ಮನೆಗೆಲಸಕ್ಕೆ ತಳ್ಳಿದರೆ ಎರಡು ಅವಧಿ ಉಳಿಯುತ್ತವೆ. ಐದನೆಯದರಲ್ಲಿ ಹೋಲಿಕೆ ಬಾರದ ಮಗುವಿಗೆ ಆರನೆಯದರಲ್ಲಿ ಭಿನ್ನರಾಶಿ ಕೂಡಿಸುವುದು ಅಂದಾಜಿಗೂ ಸಿಗುವುದಿಲ್ಲ. ಆಗ ಮುಂದಿನ ಶಿಕ್ಷಕರು ಇದೇ ಪಾಠವನ್ನು ಮತ್ತೆ ಮಾಡಬೇಕಾಗುತ್ತದೆ.

ಗಣಿತದ ಗೂಡು (ಕಲಬುರಗಿ)

ತೊಗರಿನಾಡು ಸರ್, ಹೋಲಿಕೆ ಪ್ರಶ್ನೆಗಳ ಬಗ್ಗೆ ಒಂದಿಷ್ಟು ವಿವರವಾಗಿ ಹೇಳ್ತೀನಿ, ಯಾಕಂದ್ರ ಎಲ್ಲಾರೂ ಎಡವೂದು ಇಲ್ಲೇ.

ನಾವು ಹೆಚ್ಚಾಗಿ ಕೇಳೂದು 3/4 ಮತ್ತು 2/3ರಾಗ ಯಾವುದು ದೊಡ್ಡದು ಅಂತ. ಉತ್ತರ 3/4. ಆದ್ರ ಭಿನ್ನರಾಶಿ ಏನೂ ಗೊತ್ತಿಲ್ಲದ ಮಗು '3 ಅನ್ನೂದು 2ಕ್ಕಿಂತ ದೊಡ್ಡದು, 4 ಅನ್ನೂದು 3ಕ್ಕಿಂತ ದೊಡ್ಡದು' ಅಂತ ನೋಡಿ ಅದೇ ಉತ್ತರ ಬರೀತದ. ಪೂರ್ಣ ಅಂಕ ಕೊಟ್ಟು ಮುಂದ ಹೋಗ್ತೀವಿ. ಮೇಡಂ ಹೇಳಿದ ಮೊದಲನೇ ಜಾಲರಿ ಇದನ್ನೇ ಹಿಡಿಯೂದು.

ಮಕ್ಕಳ ತಲ್ಯಾಗ ಹೆಚ್ಚಾಗಿ ಮೂರು ತಪ್ಪು ಯೋಚನೆ ಇರ್ತಾವ. ಒಂದು, ದೊಡ್ಡ ಅಂಕಿ ಇದ್ದದ್ದು ದೊಡ್ಡ ಭಿನ್ನರಾಶಿ. ಎರಡು, ಛೇದ ದೊಡ್ಡದಾದ್ರ ಯಾವಾಗ್ಲೂ ಭಿನ್ನರಾಶಿ ಸಣ್ಣದು; ಇದು 1/4, 1/6 ಕಲಿಸಿದ ಮ್ಯಾಲೆ ನಾವೇ ಹುಟ್ಟಿಸಿದ್ದು. ಮೂರು, ಪೂರ್ತಿ ಆಗ್ಲಿಕ್ಕೆ ಎಷ್ಟು ತುಂಡು ಕಮ್ಮಿ ಅದಾವ ಅಂತ ಬರೀ ಎಣಿಸೂದು. ನಾಲ್ಕು ಜೋಡಿ ಇಟ್ರ ಮೂರೂ ಬೇರೆ ಬೇರೆಯಾಗಿ ಸಿಗ್ತಾವ:

3/8 ಮತ್ತು 5/8. ಇದು ಬರೀ ಬುನಾದಿ. ಇಲ್ಲೇ ತಪ್ಪಿದ ಮಗುವಿಗೆ ಹೋಲಿಕೆ ಅಲ್ಲ, ಭಿನ್ನರಾಶಿ ಅಂದ್ರ ಏನು ಅನ್ನೂದರಿಂದ ಶುರು ಮಾಡಬೇಕು.

1/4 ಮತ್ತು 1/6. ದೊಡ್ಡ ಅಂಕಿ ನೋಡುವ ಮಗು 1/6 ಅಂತದ.

2/5 ಮತ್ತು 3/10. ಅದೇ ಯೋಚನೆ ಇನ್ನೂ ಉಳಿದಿದ್ರ 3/10 ಅಂತದ. 2/5 ಅಂದ್ರ 4/10 ಅಂತ ಸಮಾನ ಭಿನ್ನರಾಶಿ ಮಾಡಿದ ಮಗುವಿಗೆ ಇದು ಹಗುರ.

5/6 ಮತ್ತು 7/8. ಎಲ್ಲಾಕ್ಕಿಂತ ಬೆಲೆ ಬಾಳೂದು ಇದೇ ಜೋಡಿ. ಛೇದ ದೊಡ್ಡದಾದ್ರ ಸಣ್ಣದು ಅನ್ನುವ ಮಗು 5/6 ಬರೀತದ. ಕಮ್ಮಿ ತುಂಡು ಎಣಿಸುವ ಮಗು 'ಎರಡ್ರಾಗೂ ಒಂದೇ ಕಮ್ಮಿ, ಅದಕ್ಕ ಸಮ' ಅಂತದ. ದೊಡ್ಡ ಅಂಕಿ ನೋಡುವ ಮಗು ಮಾತ್ರ ತಪ್ಪು ದಾರೀಲಿ ಬಂದು 7/8 ಅಂತ ಸರಿ ಉತ್ತರ ಕೊಡ್ತದ. ಅದಕ್ಕ ಕಾರಣ ಓದಲೇಬೇಕು. ಅಂಥ ಮಗು ಎರಡನೇ, ಮೂರನೇ ಜೋಡಿದಾಗ ಸಿಕ್ಕೇ ಸಿಗ್ತದ.

ತಿದ್ದೂದಕ್ಕ ಹೆಚ್ಚು ಹೊತ್ತು ಬೇಕಾಗಿಲ್ಲ. ಅಂಕ ಹಾಕಬ್ಯಾಡ್ರಿ. ನಾಲ್ಕನೇ ಪ್ರಶ್ನೆ ನೋಡಿ 34 ಚೀಟಿನ ಮೂರು ಗುಂಪು ಮಾಡ್ರಿ: 'ಸಮ', '5/6', '7/8'. ಮೂರನೇ ಗುಂಪಿನ ಕಾರಣ ಮಾತ್ರ ಓದ್ರಿ. 'ಉಳಿದದ್ದು ಎಂಟನೇ ಒಂದು, ಅದು ಆರನೇ ಒಂದಕ್ಕಿಂತ ಸಣ್ಣ ತುಂಡು' ಅಂತ ಯಾವ ಮಾತಿನಾಗ ಬರದ್ರೂ ಆ ಮಗುವಿಗೆ ಫಲ ಬಂದದ. ನಾಳೆ ಯಾರಿಗೆ ಏನು ಅನ್ನೂದು ಆ ಮೂರು ಗುಂಪಿನಾಗೇ ಅದ.

ತೊಗರಿನಾಡು (ಕಲಬುರಗಿ)

ಬಾಳ ಛಲೋ ಆಯ್ತ್ರಿ ಸರ್. ಈಗ ಚಟುವಟಿಕೆ. ರೊಟ್ಟಿ ತುಂಡು ಮಾಡಿ ತೋರಸಬೇಕು ಅಂತ ಇತ್ತು.

ಗಣಿತದ ಗೂಡು (ಕಲಬುರಗಿ)

ಅರ್ಧ, ಕಾಲು ಪರಿಚಯಕ್ಕ ರೊಟ್ಟಿ ಅಡ್ಡಿಯಿಲ್ರಿ. ಹೋಲಿಕೆಗೆ ಬ್ಯಾಡ. ದುಂಡಗಿನದನ್ನ ಕೈಲೆ ಆರು, ಎಂಟು ಸಮ ಭಾಗ ಮಾಡ್ಲಿಕ್ಕೆ ಆಗಂಗಿಲ್ಲ, ಮತ್ತ ಎರಡು ರೊಟ್ಟಿ ಒಂದೇ ಅಳತಿ ಇರಂಗಿಲ್ಲ. ಪೂರ್ಣವೇ ಬೇರೆ ಬೇರೆ ಆದ್ರ ಹೋಲಿಕೆಗೆ ಅರ್ಥ ಇಲ್ಲ.

24 ಸೆಂ.ಮೀ. ಉದ್ದ, 2 ಸೆಂ.ಮೀ. ಅಗಲದ ಕಾಗದದ ಪಟ್ಟಿ ಮಾಡ್ರಿ. 24 ಯಾಕಂದ್ರ 3, 4, 6, 8 ನಾಲ್ಕರಿಂದಲೂ ಸರಿಯಾಗಿ ಭಾಗ ಆಗ್ತದ. ಮೂರನೇ ಭಾಗಕ್ಕ 8 ಸೆಂ.ಮೀ., ನಾಲ್ಕನೇದಕ್ಕ 6, ಆರನೇದಕ್ಕ 4, ಎಂಟನೇದಕ್ಕ 3. ಮಡಚಿ ಗುರ್ತು ಮಾಡಿಸಬ್ಯಾಡ್ರಿ; ಮೂರು, ಆರು ಮಡಿಕೆ ಸರಿ ಬರಂಗಿಲ್ಲ, ಸ್ಕೇಲ್‌ಲೇ ಗೆರಿ ಹಾಕಿಸ್ರಿ. ಇಬ್ಬರಿಗೆ ನಾಲ್ಕು ಪಟ್ಟಿ ಅಂದ್ರ 17 ಜೋಡಿಗೆ 68. ಒಂದು ಎ4 ಹಾಳ್ಯಾಗ 10 ಪಟ್ಟಿ ಬರ್ತಾವ, 7 ಹಾಳಿ ಸಾಕು.

ಪಾಠದಾಗ 2/3 ಮತ್ತು 3/4 ಇಡ್ರಿ. ಪರೀಕ್ಷೆಗೆ ಬ್ಯಾಡ ಅಂದ ಜೋಡಿ ಕಲಿಸ್ಲಿಕ್ಕೆ ಛಲೋ: 16 ಸೆಂ.ಮೀ., 18 ಸೆಂ.ಮೀ. ಅಂತ ಕಣ್ಣಿಗೆ ಕಾಣ್ತದ, ಎರಡ್ರಾಗೂ ಒಂದೇ ತುಂಡು ಕಮ್ಮಿ ಇದ್ರೂ ಆ ತುಂಡು ಸಮ ಅಲ್ಲ ಅಂತ ಮಕ್ಕಳೇ ಹೇಳ್ತಾರ. ಪುರಾವೆ ದಿನ ಪಟ್ಟಿ ತಗದು ಇಡ್ರಿ. ಐದನೇ, ಹತ್ತನೇ ಭಾಗದ ಪಟ್ಟಿ ಮಾಡಿಸಲೇ ಇಲ್ಲ, ಅದನ್ನ ಬೇಕಂತಲೇ ಪ್ರಶ್ನೆಗೆ ಇಟ್ಟದ್ದು. ಕಂಡದ್ದನ್ನ ಕಾಣದ್ದಕ್ಕ ಹಚ್ಚತಾರೋ ಇಲ್ಲೋ ಅಂತ ಅಲ್ಲೇ ಗೊತ್ತಾಗ್ತದ.

ಸುರಪುರ ವಿಜ್ಞಾನ (ಯಾದಗಿರಿ)

ವಿಜ್ಞಾನದಲ್ಲೂ ಇದೇ ಜಾಲರಿ ಹಾಕಿ ನೋಡಬಹುದು. ಆರನೇ ತರಗತಿಯ 'ಪದಾರ್ಥಗಳನ್ನು ಬೇರ್ಪಡಿಸುವುದು' ತೆಗೆದುಕೊಳ್ಳಿ. 'ತೂರುವುದು ಎಂದರೇನು?' ಎಂದು ಕೇಳಿದರೆ ಹೊಲವನ್ನೇ ನೋಡದ ಮಗುವೂ ಎರಡು ಸಾಲು ಬರೆಯುತ್ತದೆ. ರಾಶಿಯ ಕಾಲದಲ್ಲಿ ತೊಗರಿ ತೂರುವುದನ್ನು ನೋಡುತ್ತ ಬೆಳೆದ ಮಗು ವ್ಯಾಖ್ಯಾನ ಮರೆತು ಶೂನ್ಯ ಪಡೆಯಬಹುದು. ಎರಡೂ ಕಡೆ ಪ್ರಶ್ನೆ ಸೋಲುತ್ತದೆ.

ಫಲ 'ಮಿಶ್ರಣದ ಗುಣ ನೋಡಿ ವಿಧಾನ ಆಯ್ದು, ಕಾರಣ ಹೇಳುವುದು' ಎಂದಾದರೆ ಪುರಾವೆ ಒಂದು ಕೆಲಸವೇ ಆಗಿರಬೇಕು. ಐದು ಮಕ್ಕಳ ಗುಂಪಿಗೆ ಒಂದು ಬಟ್ಟಲು: ಎರಡು ಚಹಾ ಚಮಚ ಮರಳು, ಎರಡು ಚಮಚ ಉಪ್ಪು, ಅರ್ಧ ಚಮಚ ಕಬ್ಬಿಣದ ಪುಡಿ (ವೆಲ್ಡಿಂಗ್ ಅಂಗಡಿಯಲ್ಲಿ ಸಿಗುತ್ತದೆ), ಒಂದು ಹಿಡಿ ತೊಗರಿ ಹೊಟ್ಟು. ಅಯಸ್ಕಾಂತ, ಕಾಗದ, ಬಟ್ಟೆ, ನೀರು, ಅಗಲ ತಟ್ಟೆ ಮೇಜಿನ ಮೇಲಿರಲಿ. ಬಟ್ಟಲು ಮುಟ್ಟುವ ಮೊದಲು ಪ್ರತಿ ಮಗು ತಾನೊಬ್ಬನೇ ಹಂತಗಳನ್ನೂ ಪ್ರತಿ ಹಂತದ ಕಾರಣವನ್ನೂ ಬರೆಯಬೇಕು, ಹತ್ತು ನಿಮಿಷ. ನಿಮಗೆ ಬೇಕಾದ ಪುರಾವೆ ಈ ಹಾಳೆ. ಗುಂಪಿನ ಕೆಲಸ ಅದನ್ನು ಪರೀಕ್ಷಿಸುವುದಕ್ಕೆ. ಗುಂಪಿನ ತಟ್ಟೆಯಲ್ಲಿ ಉಪ್ಪು ಬಂತು ಎಂದು ಐವರಿಗೂ ಫಲ ಬಂತೆಂದು ಬರೆದುಕೊಳ್ಳುವುದು ದೊಡ್ಡ ತಪ್ಪು.

ಕೆಡುವುದು ಎಲ್ಲಿ ಎಂದರೆ: ಅಯಸ್ಕಾಂತಕ್ಕಿಂತ ಮೊದಲು ನೀರು ಹಾಕಿದರೆ ಒದ್ದೆ ಕಬ್ಬಿಣದ ಪುಡಿ ಮರಳಿಗೆ ಅಂಟಿಕೊಂಡು ಬರುವುದಿಲ್ಲ. ಈ ಕ್ರಮ ಯಾಕೆ ಮುಖ್ಯ ಎಂದು ಮಗು ಬರೆದಿದೆಯೇ ನೋಡಿ. ಒಳ್ಳೆಯ ಉತ್ತರ ಗೊತ್ತಾಗುವುದು ಅಲ್ಲೇ. ಅಯಸ್ಕಾಂತವನ್ನು ಕಾಗದದಲ್ಲಿ ಸುತ್ತಿ ಕೊಡಿ, ಇಲ್ಲದಿದ್ದರೆ ಪುಡಿ ಬಿಡಿಸುವುದರಲ್ಲೇ ಅವಧಿ ಮುಗಿಯುತ್ತದೆ. ನೀರು 50 ಮಿ.ಲೀ. ಸಾಕು, ಎರಡು ಚಮಚ ಉಪ್ಪು ಅಷ್ಟರಲ್ಲಿ ಕರಗುತ್ತದೆ. ಅರ್ಧ ಲೀಟರ್ ಸುರಿದರೆ ಉಪ್ಪು ಮರಳಿ ಸಿಗುವುದನ್ನು ಮಕ್ಕಳು ನೋಡುವುದೇ ಇಲ್ಲ. ಮೋಡವಿದ್ದರೆ ತಟ್ಟೆಯನ್ನು ಮರುದಿನದವರೆಗೆ ಇಡಬೇಕಾಗುತ್ತದೆ, ಅದನ್ನೂ ಯೋಜನೆಯಲ್ಲಿ ಬರೆದಿಡಿ.

ಔರಾದ್ ಅಕ್ಷರ (ಬೀದರ್)

ಮೇಡಂ ಹೇಳಿದ ಎರಡನೇ ಪ್ರಶ್ನೆ, 'ಫಲ ಬಂದ ಮಗುವೂ ಬೇರೆ ಕಾರಣಕ್ಕೆ ತಪ್ಪಬಹುದೇ' ಎನ್ನುವುದು, ನಮ್ಮ ಮೂರು ಜಿಲ್ಲೆಗಳಲ್ಲಿ ಎಲ್ಲಕ್ಕಿಂತ ಮುಖ್ಯ. ಒಂದೇ ಕೋಣೆಯಲ್ಲಿ ಮನೆಯಲ್ಲಿ ಲಂಬಾಣಿ ಆಡುವ ಮಗು, ದಖನಿ ಆಡುವ ಮಗು, ಔರಾದ್ ಕಡೆ ಮರಾಠಿ, ಗುರುಮಠಕಲ್ ಕಡೆ ತೆಲುಗು ಆಡುವ ಮಗು ಕೂತಿರುತ್ತವೆ.

ನನ್ನ ಸಲಹೆ ಇಷ್ಟೇ: ಫಲ ಯಾವುದೋ ಅದನ್ನು ಮಾತ್ರ ಅಳೆಯಿರಿ. ಭಿನ್ನರಾಶಿಯ ಕಾರಣವನ್ನು ಮಗು 'ಛೋಟಾ ಟುಕ್ಡಾ ಬಾಕಿ ಹೈ' (ಸಣ್ಣ ತುಂಡು ಉಳಿದಿದೆ) ಎಂದರೆ ಗಣಿತದ ಫಲ ಬಂದಿದೆ, ಗುರುತು ಹಾಕಿಕೊಳ್ಳಿ. ಕನ್ನಡ ಓದಿ ಅರ್ಥಮಾಡಿಕೊಂಡಿದ್ದಾರೆಯೇ ಎಂದು ನೋಡುವಾಗಲೂ ಉತ್ತರ ಮನೆಮಾತಿನಲ್ಲಿ ಬಂದರೆ ಒಪ್ಪಬೇಕು. ಫಲ 'ಕನ್ನಡದಲ್ಲಿ ತನ್ನ ಮಾತಿನಲ್ಲಿ ಹೇಳುತ್ತಾರೆ' ಎಂದಿದ್ದಾಗ ಮಾತ್ರ ಕನ್ನಡವನ್ನೇ ಕೇಳಬೇಕು. ಎರಡನ್ನೂ ಬೆರೆಸಿದರೆ ಮಗುವಿಗೆ ಓದು ಬಾರದೋ, ಮಾತು ಬಾರದೋ ತಿಳಿಯುವುದಿಲ್ಲ. ಓದು ಬರುವ ಮಗುವನ್ನು ಮತ್ತೆ ಕಾಗುಣಿತಕ್ಕೆ ಕೂರಿಸುತ್ತೇವೆ.

ಓದಿನ ವೇಗದ ಬಗ್ಗೆಯೂ ಒಂದು ಮಾತು. ಓದು, ಬರಹ, ಲೆಕ್ಕದ ಬುನಾದಿಗಾಗಿ ಕೇಂದ್ರ ಸರ್ಕಾರ 2021ರಲ್ಲಿ ಶುರು ಮಾಡಿದ ನಿಪುಣ್ ಭಾರತ್ ಕಾರ್ಯಕ್ರಮದ ಗುರಿಯಲ್ಲಿ ಮೂರನೇ ತರಗತಿಗೆ ನಿಮಿಷಕ್ಕೆ ಕನಿಷ್ಠ 60 ಪದ, ಅರ್ಥಸಹಿತ ಎಂದಿದೆ. ಕನ್ನಡದಲ್ಲಿ 'ಮನೆಯಲ್ಲಿದ್ದವರಿಗೆ' ಎಂಬುದೂ ಒಂದೇ ಪದ, 'ಮನೆ' ಎಂಬುದೂ ಒಂದೇ ಪದ. ಹೀಗಾಗಿ ಯಾವ ಪರಿಚ್ಛೇದ ಆರಿಸಿದಿರಿ ಎಂಬುದರ ಮೇಲೆ ಅಂಕಿ ಏರಿಳಿಯುತ್ತದೆ. ಜೂನ್‌ನಲ್ಲೂ ನವೆಂಬರ್‌ನಲ್ಲೂ ಒಂದೇ ಮಟ್ಟದ ಪರಿಚ್ಛೇದ ಬಳಸಿ. ಓದಿದ ಮೇಲೆ ನಾಲ್ಕು ಪ್ರಶ್ನೆ ಕೇಳಿ: ಎರಡಕ್ಕೆ ಉತ್ತರ ಪಠ್ಯದಲ್ಲೇ ಇರಲಿ, ಎರಡಕ್ಕೆ ಮಗುವೇ ಊಹಿಸಬೇಕು. ಸರಾಗ ಓದಿ ಊಹೆಯ ಎರಡರಲ್ಲೂ ತಪ್ಪುವ ಮಗುವಿಗೆ ಬೇಕಾದದ್ದು ಪದಸಂಪತ್ತು ಮತ್ತು ಮಾತುಕತೆ; ಇನ್ನಷ್ಟು ಗಟ್ಟಿ ಓದಿಸಿದರೆ ಪ್ರಯೋಜನವಿಲ್ಲ.

ಕೋಟೆ ಬಾಗಿಲು (ಬೀದರ್)

ಸಮಾಜ ವಿಜ್ಞಾನದವರಿಗೆ ಚಿಕ್ಕದೊಂದು. ಬಹಮನಿ ಪಾಠಕ್ಕೆ ಆ ರಾಜ್ಯದ ಮಂತ್ರಿ ಮಹಮೂದ್ ಗವಾನ ಬೀದರ್‌ನಲ್ಲಿ ಕಟ್ಟಿಸಿದ ಮದರಸಾಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗುವುದು ರೂಢಿ. ಹೋಗಿ, ಫೋಟೊ ತೆಗೆಸಿಕೊಂಡು, 'ಪ್ರವಾಸದ ವರದಿ ಬರೆಯಿರಿ' ಎಂದರೆ ಆ ವರದಿಯಲ್ಲಿ ಬಸ್ಸು, ಊಟವೇ ತುಂಬಿರುತ್ತದೆ. ಫಲ 'ಆಕರ ನೋಡಿ ತೀರ್ಮಾನಕ್ಕೆ ಬರುವುದು' ಎಂದಾದರೆ ಹೊರಡುವ ಮೊದಲೇ ಎರಡು ಕಾಲಂ ಹಾಳೆ ಕೊಡಿ: 'ಕಣ್ಣಿಗೆ ಕಂಡದ್ದು', 'ಅದರಿಂದ ನಾನು ಊಹಿಸಿದ್ದು'. 1472ರ ಕಟ್ಟಡ, ಮುಂಭಾಗದ ಎರಡು ಮಿನಾರಗಳಲ್ಲಿ ಒಂದೇ ನಿಂತಿದೆ, ಬಣ್ಣದ ಹೆಂಚು ಒಂದು ಕಡೆ ಮಾತ್ರ ಉಳಿದಿದೆ. ಕಾರಣ (17ನೇ ಶತಮಾನದ ಕೊನೆಯಲ್ಲಿ ಸಿಡಿಮದ್ದಿನ ಸ್ಫೋಟ) ಮೊದಲೇ ಹೇಳಿಬಿಡಬೇಡಿ. ಮೂರು ಸಾಲು ಸಾಕ್ಷಿ ಬರೆದ ಮೇಲೆ ಹೇಳಿ. ಹೋಗಲಾಗದ ಶಾಲೆಗೆ ಊರ ಹಳೇ ಬಾವಿ, ಶಾಸನದ ಕಲ್ಲು ಸಾಕು, ಹಾಳೆ ಅದೇ.

ಕರಿಹಲಗೆ (ಶಹಾಪುರ, ಯಾದಗಿರಿ)

ಜೋಡಿಗಳ ಪಟ್ಟಿ ನೋಡಿದ ಮೇಲೆ ನನ್ನ ಮೊದಲನೇ ಸಂಶಯ ನೀಗಿತು. ಎರಡನೆಯದು ಉಳಿದಿದೆ. ನಮ್ಮ ಕಡೆ ಹತ್ತಿ ಬಿಡಿಸುವ ಕಾಲಕ್ಕೆ, ಕಬ್ಬು ಕಡಿಯಲು, ನಗರಗಳಿಗೆ ದುಡಿಯಲು ಹೋಗುವ ಕುಟುಂಬಗಳ ಜೊತೆ ಮಕ್ಕಳೂ ಹೋಗುತ್ತಾರೆ. ಪುರಾವೆ ತೆಗೆದುಕೊಳ್ಳುವ ದಿನ ಮಗುವೇ ಇರುವುದಿಲ್ಲ. ನಾಲ್ಕು, ಐದು ಎರಡೂ ತರಗತಿ ಒಬ್ಬರ ಕೈಯಲ್ಲಿರುವ ಶಾಲೆಗಳೂ ಇವೆ.

ಮಾಂಜ್ರಾ ದಂಡೆ (ಭಾಲ್ಕಿ, ಬೀದರ್)

ಸರ್, ಇಂಥ ಶಾಲೆಗೆ ಪುಟವಾರು ಯೋಜನೆಗಿಂತ ಫಲವಾರು ಯೋಜನೆಯೇ ಹೆಚ್ಚು ನೆರವಾಗುತ್ತದೆ. ಮರಳಿ ಬಂದ ಮಗುವಿಗೆ 'ನಾಲ್ಕು ಪಾಠ ತಪ್ಪಿದವು' ಎಂದರೆ ದಾರಿ ಕಾಣುವುದಿಲ್ಲ. 'ಎರಡು ಫಲ ಬಾಕಿ' ಎಂದರೆ ಕಾಣುತ್ತದೆ.

ವರ್ಷದ ಯೋಜನೆ ಮಾಡುವಾಗ, ಮುಂದಿನ ಪಾಠಗಳು ಯಾವ ಫಲದ ಮೇಲೆ ನಿಂತಿವೆ ನೋಡಿ, ಅವನ್ನು ದಸರಾ ರಜೆಗೆ ಮೊದಲೇ ಮುಗಿಸಿ. ಒಂಟಿಯಾಗಿ ನಿಲ್ಲುವ ಘಟಕಗಳು, ಉದಾಹರಣೆಗೆ ದತ್ತಾಂಶ, ಆಕೃತಿ, ಹತ್ತಿಯ ಕಾಲಕ್ಕೆ ಬರಲಿ. ಪ್ರತಿ ಮಗುವಿಗೆ ಅರ್ಧ ಹಾಳೆಯ ಒಂದು ಕಾರ್ಡು: ಎಡಕ್ಕೆ ಫಲ, ಬಲಕ್ಕೆ 'ಬಂದಿದೆ / ಅರ್ಧ / ಇಲ್ಲ' ಮತ್ತು ತಾರೀಖು. ಮರಳಿ ಬಂದ ದಿನ ಅದೇ ನಾಲ್ಕು ಪ್ರಶ್ನೆಯ ಚೀಟಿ ಬೇರೆ ಸಂಖ್ಯೆಗಳಲ್ಲಿ ಕೊಡಿ. ಬಂದಿದ್ದರೆ ಮುಂದಿನ ಗುಂಪಿಗೆ ಸೇರಿಸಿ. ಹಾಜರಿ ಇಲ್ಲ ಎಂದು ಕಲಿತದ್ದನ್ನೇ ಮತ್ತೆ ಮಾಡಿಸಬೇಡಿ.

ಎರಡು ತರಗತಿ ಒಟ್ಟಿಗಿದ್ದರೆ ವಿಷಯ ಒಂದೇ ಇಟ್ಟು ಫಲ ಎರಡು ಮಾಡಿ. ನಾಲ್ಕನೆಯವರಿಗೆ ಮೊದಲ ಎರಡು ಜೋಡಿ, ಐದನೆಯವರಿಗೆ ನಾಲ್ಕೂ.

ತೊಗರಿನಾಡು (ಕಲಬುರಗಿ)

ಎಲ್ಲಾರ ಮಾತು ಓದಿ ಹಿಂಗ ಬರದೀನಿ, ನೋಡಿ ಹೇಳ್ರಿ. 1ನೇ ಅವಧಿ: ಸಮ ಭಾಗ ಗೊತ್ತದೋ ಇಲ್ಲೋ ಹತ್ತು ನಿಮಿಷದ ಪೂರ್ವ ಪರೀಕ್ಷೆ, ಉಳಿದ ಹೊತ್ತು ಪಟ್ಟಿ ತಯಾರಿ. 2, 3: ಪಟ್ಟಿ ಇಟ್ಟು ಒಂದೇ ಛೇದದ ಜೋಡಿ, ಆಮೇಲೆ ಅಂಶ 1 ಇರುವ ಜೋಡಿ. 4: ಸಮಾನ ಭಿನ್ನರಾಶಿ. 5, 6: ಬೇರೆ ಛೇದ, 2/3 ಮತ್ತು 3/4 ಇಲ್ಲಿ. 7: ಪುರಾವೆ, 25 ನಿಮಿಷ. 8, 9: ಮರುಬೋಧನೆ.

ಗಣಿತದ ಗೂಡು (ಕಲಬುರಗಿ)

ಹದವಾಗ್ಯದ ಸರ್. ಎರಡು ತಿದ್ದುಪಡಿ. ಮರುಬೋಧನೆ ಎರಡೂ ಅವಧಿ ಕೊನೆಗೆ ಇಡಬ್ಯಾಡ್ರಿ. 3ನೇ ಅವಧಿಯ ಕೊನೇ ಎಂಟು ನಿಮಿಷ ಒಂದು ಚೀಟಿ ಬರಸ್ರಿ, 1/3 ಮತ್ತು 1/8ರಾಗ ಯಾವುದು ದೊಡ್ಡದು, ಯಾಕ ಅಂತ. ಮೂರನೇ ಒಂದು ಪಾಲು ಮಕ್ಕಳಿಗಿಂತ ಹೆಚ್ಚು ತಪ್ಪಿದ್ರ 4ನೇ ಅವಧಿ ಎಲ್ಲಾರಿಗೂ ಮರುಬೋಧನೆ, ಅದೂ ಬೇರೆ ರೀತಿಲೆ. ಅದೇ ಪಟ್ಟಿ ಅದೇ ಮಾತು ಮತ್ತ ಬ್ಯಾಡ, ಸಂಖ್ಯಾ ರೇಖೆ ಮ್ಯಾಲೆ ಗುರ್ತು ಮಾಡಿಸ್ರಿ. ಸಮಾನ ಭಿನ್ನರಾಶಿ 5ಕ್ಕ ಹೋಗ್ತದ, ಪುರಾವೆ 8ಕ್ಕ, ಕೊನೆಗೆ ಒಂದು ಅವಧಿ ಉಳೀತದ. ಐದಾರು ಮಕ್ಕಳಷ್ಟೇ ತಪ್ಪಿದ್ರ ಅವರನ್ನ 4ನೇ ಅವಧಿದಾಗ 15 ನಿಮಿಷ ಹತ್ರ ಕೂಡ್ರಿಸಿಕೊಳ್ರಿ, ಉಳಿದವರಿಗೆ ಪಟ್ಟಿಲೆ ತಾವೇ ಒಂದೊಂದು ಹೋಲಿಕೆ ಪ್ರಶ್ನೆ ಮಾಡಿ ಜೋಡಿದಾರಗ ಕೊಡ್ಲಿಕ್ಕೆ ಹೇಳ್ರಿ.

ಎರಡನೇದು, ಪೂರ್ವ ಪರೀಕ್ಷೆದಾಗ ಸಮ ಅಲ್ಲದ ನಾಲ್ಕು ಭಾಗದ ಒಂದು ಚಿತ್ರ ಸೇರಸ್ರಿ, 'ಬಣ್ಣ ಹಚ್ಚಿದ ಭಾಗ 1/4 ಹೌದೋ ಅಲ್ಲೋ' ಅಂತ ಕೇಳ್ರಿ. 'ಹೌದು' ಅಂದ ಮಕ್ಕಳ ಹೆಸರು ಬರದಿಟ್ಕೊಳ್ರಿ. ಪಟ್ಟಿಗೆ ಗೆರಿ ಹಾಕೂ ಹೊತ್ತಿನಾಗ ನೀವು ಮೊದಲು ಹೋಗಿ ನಿಲ್ಲಬೇಕಾದ್ದು ಆ ಮಕ್ಕಳ ಹತ್ರನೇ.

ತೊಗರಿನಾಡು (ಕಲಬುರಗಿ)

ಸೇರಸ್ತೀನ್ರಿ ಸರ್. ತಿದ್ದಿದ ಯೋಜನೆನೂ, ನಾಲ್ಕು ಪ್ರಶ್ನೆಯ ಚೀಟಿನೂ ಇಲ್ಲೇ ಹಾಕ್ತೀನಿ, ಬೇಕಾದವರು ತಗೊಳ್ರಿ. ಸಂಖ್ಯೆ ಬದಲಿಸೋರು ಜೋಡಿ ಮೂರೂ ತಪ್ಪು ಯೋಚನೆಗೆ ಹಾಕಿ ನೋಡಿ ಬದಲಿಸ್ರಿ. 5/6 ಮತ್ತು 7/8 ತಗದು 5/6 ಮತ್ತು 3/8 ಇಟ್ರ 'ಸಮ' ಅನ್ನುವ ಗುಂಪೇ ಸಿಗಂಗಿಲ್ಲ.